ಅಜ್ಜಿಯ ಲೆಕ್ಕದ ಪುಸ್ತಕ ಇಟ್ಟುಕೊಂಡು ಎಂ.ಎ. ಓದಬಹುದಾ?

ಪ್ರಶ್ನೆ: ಮೇಡಂ, ನಾನು ಬಿ.ಕಾಂ. ಮುಗಿಸಿ ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಮಲ್ಲೇಶ್ವರದ ಹಳೇ ಮನೆ ಖಾಲಿ ಮಾಡುವಾಗ ಅಜ್ಜಿ ಬರೆದಿಟ್ಟ ಮನೆಲೆಕ್ಕದ ಪುಸ್ತಕಗಳು ಸಿಕ್ಕವು, 1952ರಿಂದ 1963ರವರೆಗಿನವು. ಹಾಲು, ಸೌದೆ, ಸೋಪಿನ ಲೆಕ್ಕದ ನಡುವೆ ಅಲ್ಲಲ್ಲಿ ಅವರ ಮನಸ್ಸಿನ ಮಾತೂ ಒಂದೊಂದು ಸಾಲು ಇದೆ. ಇದರ ಬಗ್ಗೆ ಓದಬೇಕು ಅಂತ ಆಸೆ. ಇತಿಹಾಸದ ಮೇಷ್ಟ್ರೊಬ್ಬರು ‘ಕನ್ನಡ ವಿಭಾಗಕ್ಕೆ ಹೋಗಿ’ ಅಂದರು, ಕನ್ನಡದವರು ‘ಇದರಲ್ಲಿ ಸಾಹಿತ್ಯ ಎಲ್ಲಿದೆ’ ಅಂದರು. ಅಜ್ಜಿಗೆ ಈಗ 91. ಸೀಮೆಎಣ್ಣೆ ಸ್ಟವ್ ತಂದದ್ದು ಮೊದಲ ಮಗು ಹುಟ್ಟಿದ ವರ್ಷ ಅನ್ನುತ್ತಾರೆ, ಪುಸ್ತಕ ನೋಡಿದರೆ ಅದಾಗಿ ಮೂರು ವರ್ಷಕ್ಕೆ ತಂದಿದ್ದಾರೆ. 1959ರಲ್ಲೂ ಲೆಕ್ಕ ಆಣೆಯಲ್ಲೇ ಇದೆ. ಇಂಥದ್ದನ್ನು ನಂಬುವುದು ಹೇಗೆ?
– ಓದುಗ, ರಾಜಾಜಿನಗರ

ಉತ್ತರ: ಸ್ಟವ್ ವಿಷಯದಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ನೀವು ತಪ್ಪು ಅಂದುಕೊಂಡಿರುವುದೇ ನಿಮ್ಮ ಓದಿನ ತಿರುಳು ಆಗಬಹುದು.

ಇಟಲಿಯಲ್ಲಿ ಟೆರ್ನಿ ಅಂತ ಒಂದು ಉಕ್ಕಿನ ಕಾರ್ಖಾನೆಯ ಊರಿದೆ. 1949ರ ಮಾರ್ಚ್‌ನಲ್ಲಿ, ಇಟಲಿ ನೇಟೊ ಒಕ್ಕೂಟಕ್ಕೆ ಸೇರುವುದನ್ನು ವಿರೋಧಿಸಿ ಕಾರ್ಮಿಕರು ಹೊರಗೆ ಬಂದಾಗ, ಲುಯಿಜಿ ತ್ರಸ್ತುಲ್ಲಿ ಅನ್ನುವ 21 ವರ್ಷದ ಹುಡುಗ ಪೊಲೀಸರ ಜೊತೆಗಿನ ಘರ್ಷಣೆಯಲ್ಲಿ ಸತ್ತ. ಎಷ್ಟೋ ವರ್ಷ ಕಳೆದ ಮೇಲೆ, ಜನರ ಬಾಯಿಮಾತಿನ ನೆನಪುಗಳನ್ನು ದಾಖಲಿಸುತ್ತಿದ್ದ ಅಲೆಸ್ಸಾಂದ್ರೊ ಪೋರ್ತೆಲ್ಲಿ ಅನ್ನುವವರು ಊರಿನವರನ್ನು ಮಾತಾಡಿಸಿದರೆ, ಬಹಳ ಜನ ಆ ಸಾವು 1953ರಲ್ಲಿ, ಕಾರ್ಖಾನೆಯಿಂದ ಒಟ್ಟಿಗೆ ಅಷ್ಟೊಂದು ಜನರನ್ನು ತೆಗೆದಾಗಿನ ಗಲಾಟೆಯಲ್ಲಿ ಆಯಿತು ಅಂದರು. ಪೋರ್ತೆಲ್ಲಿ ಅದನ್ನು ಮರೆವು ಅಂತ ತಳ್ಳಿಹಾಕಲಿಲ್ಲ. ಇಷ್ಟು ಜನ ಆ ಸಾವನ್ನು ಯಾಕೆ ಅಲ್ಲಿಗೆ ಒಯ್ದರು ಅಂತ ಕೇಳಿದರು. ತಮ್ಮವನ ಸಾವಿಗೆ ಏನೂ ಮಾಡಲಾಗದೆ ಉಳಿದ ಊರು, ತನ್ನ ದೊಡ್ಡ ಹೋರಾಟದ ಒಳಗೆ ಅವನಿಗೊಂದು ಜಾಗ ಕೊಟ್ಟಿತ್ತು. ಅಂದಹಾಗೆ, ಪೋರ್ತೆಲ್ಲಿ ಇತಿಹಾಸದ ಮೇಷ್ಟ್ರಲ್ಲ, ಅಮೆರಿಕನ್ ಸಾಹಿತ್ಯ ಕಲಿಸುತ್ತಿದ್ದವರು. ಕಥೆ ಹೇಗೆ ಕಟ್ಟುತ್ತಾರೆ ಅಂತ ಕೇಳುವ ಕಿವಿ ಅವರಿಗಿತ್ತು.

ಹಾಗಾಗಿ ಅಜ್ಜಿಯನ್ನು ತಿದ್ದಲು ಹೋಗಬೇಡಿ. ಇಸವಿ ಬಿಟ್ಟು, ಆ ಬಾಣಂತನದಲ್ಲಿ ಅಡುಗೆಮನೆ ಹೇಗಿತ್ತು, ಸೌದೆ ಒಲೆ ಊದುತ್ತಿದ್ದವರು ಯಾರು, ಹೊಗೆಯಲ್ಲಿ ಮಗು ಎಲ್ಲಿ ಮಲಗುತ್ತಿತ್ತು ಅಂತ ಕೇಳಿ ನೋಡಿ. ಸ್ಟವ್ ಬಂದ ದಿನ ಪುಸ್ತಕದಲ್ಲಿದೆ. ಅದು ಯಾವಾಗ ಬರಬೇಕಿತ್ತು ಅನ್ನುವುದು ಅವರ ನೆನಪಿನಲ್ಲಿ ಇರಬಹುದು.

ಇನ್ನು ಆಣೆ. ಹೊಸ ನಾಣ್ಯ ಬಂದದ್ದು 1957ರ ಏಪ್ರಿಲ್ 1ಕ್ಕೆ. 16 ಆಣೆಯ ರೂಪಾಯಿ 100 ನಯಾ ಪೈಸೆ ಆಯಿತು. ಒಂದು ಆಣೆ ಅಂದರೆ ಆರೂಕಾಲು ಪೈಸೆ, ಸಲೀಸಾಗಿ ಭಾಗವಾಗುವ ಲೆಕ್ಕ ಅಲ್ಲ, ಆ ಚೂರುಪಾರು ಪ್ರತಿ ಸಲವೂ ಯಾರೋ ಒಬ್ಬರ ಕೈಬಿಡುತ್ತಿತ್ತು. ಎರಡು ವರ್ಷ ಆದಮೇಲೂ ಅಜ್ಜಿ ಆಣೆಯಲ್ಲೇ ಬರೆದರು ಅಂದರೆ, ಹಾಲಿನವನು ಹಾಗೇ ಹೇಳುತ್ತಿದ್ದನಾ, ಅಂಗಡಿಗೆ ಹೋಗುತ್ತಿದ್ದವರು ಬೇರೆಯವರಾ, ಅಥವಾ ತಮ್ಮ ಮನಸ್ಸಿನ ಲೆಕ್ಕ ಬಿಡಲು ಅವರಿಗೆ ಇಷ್ಟ ಇರಲಿಲ್ಲವಾ? ಲೆಕ್ಕದ ಪುಸ್ತಕ ಓದುವ ಕಣ್ಣು ನಿಮಗಿದೆ. ನಮ್ಮಂಥ ಎಂ.ಎ. ಓದಿದವರಿಗೆ ಅದಿಲ್ಲ. ಆ ಬಿ.ಕಾಂ. ಅನ್ನು ಖಂಡಿತ ಕಡಿಮೆ ಅಂದುಕೊಳ್ಳಬೇಡಿ.

ಯಾವ ವಿಭಾಗ? ನನ್ನ ಮಾತು ಕೇಳಿದರೆ ಡಿಗ್ರಿ ಇತಿಹಾಸದ್ದೇ ಇರಲಿ. ಹಲವು ವಿಷಯ ಬೆರೆಸಿದ ಕೋರ್ಸ್‌ಗಳು ನನಗೂ ಇಷ್ಟ, ಆದರೆ ಕಾಲೇಜು ಮೇಷ್ಟ್ರಾಗಲು ಬೇಕಾದ ನೆಟ್, ಕೆ-ಸೆಟ್ ಅರ್ಹತಾ ಪರೀಕ್ಷೆ ಬರೆಯುವುದು ಒಂದು ವಿಷಯದಲ್ಲಿ, ಕಾಲೇಜು ಕೆಲಸಕ್ಕೂ ಸಂಬಂಧಪಟ್ಟ ವಿಷಯದ ಎಂ.ಎ. ಕೇಳುತ್ತಾರೆ, ಆಗ ಡಿಗ್ರಿಯ ಹೆಸರಿನ ಮೇಲೆ ತಕರಾರು ಬಂದರೆ ಓದಿದ್ದೆಲ್ಲ ಇದ್ದೂ ಒದ್ದಾಡಬೇಕಾಗುತ್ತದೆ. ಆತ್ಮಕಥನ, ಡೈರಿ, ಕಾಗದ ಓದುವುದನ್ನು ಕನ್ನಡ ವಿಭಾಗದ ಐಚ್ಛಿಕ ಪತ್ರಿಕೆಗಳಲ್ಲಿ ಕಲಿಯಿರಿ. ಕೆಲಸ ಬಿಡಲಾಗದಿದ್ದರೆ ಮುಕ್ತ ವಿಶ್ವವಿದ್ಯಾಲಯ ಇಗ್ನೋದ ಎಂ.ಎ. ಇತಿಹಾಸಕ್ಕೆ ಯಾವ ಪದವಿ ಆಗಿದ್ದರೂ ಸಾಕು.

ಸೇರುವ ಮೊದಲೇ ಒಂದೆರಡು ಜಾಗ ನೋಡಿ. ವಿಕಾಸಸೌಧದಲ್ಲಿ ರಾಜ್ಯ ಪತ್ರಾಗಾರ ಇದೆ, ಹಳೇ ಮೈಸೂರಿನ ಸರ್ಕಾರಿ ಕಡತಗಳು ಅಲ್ಲಿವೆ. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ ಇತಿಹಾಸ, ಸಂಸ್ಕೃತಿಯ ಅಧ್ಯಯನಕ್ಕೆ ಮೀಸಲಾದ ಸಂಸ್ಥೆ, 1909ರಷ್ಟು ಹಳೆಯದು. ಜಿಕೆವಿಕೆ ಕ್ಯಾಂಪಸ್ಸಿನಲ್ಲಿರುವ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನ ಆರ್ಕೈವ್ಸ್‌ಗೂ ಹೋಗಿ: ಅಲ್ಲಿರುವುದು ವಿಜ್ಞಾನಿಗಳ ಕಾಗದ, ನೋಟ್‌ಬುಕ್, ಮಾತಿನ ರೆಕಾರ್ಡಿಂಗ್, ನಿಮ್ಮ ವಿಷಯ ಅಲ್ಲ, ಆದರೆ ಇಂಥದ್ದನ್ನೆಲ್ಲ ಹೇಗೆ ಜೋಡಿಸಿ ಹೆಸರು ಹಾಕಿ ಇಡುತ್ತಾರೆ ಅಂತ ಕಣ್ಣಾರೆ ನೋಡಬಹುದು.

ಎಲ್ಲಕ್ಕಿಂತ ಮೊದಲು ಅಜ್ಜಿಯ ಒಪ್ಪಿಗೆ ಕೇಳಿ. ಆ ಒಂದೊಂದು ಸಾಲು ಅವರು ಯಾರಿಗೂ ತೋರಿಸಲು ಬರೆದದ್ದಲ್ಲ, ಅಲ್ವಾ? ಬೇಡ ಅಂದ ಪುಟ ಬೇಡ.

ಪ್ರಶ್ನೆ: ನನ್ನ ಪಿಎಚ್.ಡಿ. ನಮ್ಮ ತಾಯಿ ಬರೆದ ಕಾಗದಗಳ ಮೇಲೆ. ಪ್ರಬಂಧದಲ್ಲಿ ‘ನಾನು’ ಅಂತ ಬರೆಯಬಹುದಾ? ಗೈಡ್ ಬೇಡ ಅನ್ನುತ್ತಾರೆ.
– ಓದುಗರು, ಜಯನಗರ

ಉತ್ತರ: ಬರೆಯಿರಿ. ನೀವು ಮಗಳು ಅನ್ನುವುದನ್ನು ಮುಚ್ಚಿಟ್ಟರೆ ಓದುವವರಿಗೆ ಮೋಸ. ಆದರೆ ಎಲ್ಲ ಪುಟದಲ್ಲೂ ಬೇಡ. ಮೊದಲ ಅಧ್ಯಾಯದಲ್ಲಿ ಕಾಗದಗಳು ನಿಮ್ಮ ಕೈಗೆ ಹೇಗೆ ಬಂದವು, ಯಾವುದನ್ನು ಬಿಟ್ಟಿರಿ, ಯಾಕೆ ಬಿಟ್ಟಿರಿ ಅಂತ ‘ನಾನು’ ಅಂತಲೇ ಬರೆದು ಗೈಡ್‌ಗೆ ತೋರಿಸಿ.