ಕಪ್ಪು, ಬೂದು ಬಣ್ಣಗಳನ್ನೇ ಇಷ್ಟಪಡುವುದು ಖಿನ್ನತೆಯ ಲಕ್ಷಣವೇ?

ಅಲ್ಲ. ಇಲ್ಲಿ ‘ಇಷ್ಟದ ಬಣ್ಣ’ ಮತ್ತು ‘ಮನಸ್ಸಿನ ಬಣ್ಣ’ ಎಂಬ ಎರಡು ಬೇರೆ ಸಂಗತಿಗಳು ಒಂದಾಗಿಬಿಟ್ಟಿವೆ.

ಮ್ಯಾಂಚೆಸ್ಟರ್‌ನ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಬೂದು ಬಣ್ಣದ ಹಲವು ಛಾಯೆಗಳೂ ಸೇರಿದಂತೆ 38 ಬಣ್ಣಗಳಿದ್ದ ಚಕ್ರವೊಂದನ್ನು ಆರೋಗ್ಯವಂತರ, ಆತಂಕದಿಂದ ಬಳಲುವವರ ಹಾಗೂ ಖಿನ್ನತೆಯುಳ್ಳವರ ಮುಂದಿಟ್ಟು, ನೆಚ್ಚಿನ ಬಣ್ಣ ಯಾವುದು, ಕಣ್ಸೆಳೆಯುವುದು ಯಾವುದು, ಇತ್ತೀಚಿನ ತಿಂಗಳುಗಳ ನಿಮ್ಮ ಮನಃಸ್ಥಿತಿಗೆ ಹೊಂದುವುದು ಯಾವುದು ಎಂದು ಬೇರೆಬೇರೆಯಾಗಿ ಕೇಳಲಾಯಿತು. ನೆಚ್ಚಿನ ಬಣ್ಣದಲ್ಲಿ ನೀಲಿಗೆ ಎಲ್ಲೆಡೆಯೂ ಒಲವಿತ್ತು. ಮನಃಸ್ಥಿತಿಯ ಪ್ರಶ್ನೆಗೆ ಮಾತ್ರ ಉತ್ತರಗಳು ಕವಲೊಡೆದವು: ಆರೋಗ್ಯವಂತರು ಹೆಚ್ಚಾಗಿ ಹಳದಿಯನ್ನು ತೋರಿಸಿದರೆ, ಖಿನ್ನತೆ ಮತ್ತು ಆತಂಕ ಇದ್ದವರು ಬೂದು ಬಣ್ಣದತ್ತ ಬೆರಳು ಮಾಡಿದರು.

ಮನಸ್ಸು ಬೂದಾಗಿದೆ ಎನ್ನುವುದು ಬರಿಯ ರೂಪಕವೇ, ಇಲ್ಲವೇ ಕಣ್ಣಿಗೂ ಲೋಕ ಮಂಕಾಗಿ ಕಾಣುತ್ತದೆಯೇ ಎಂಬುದು ಇನ್ನೂ ಕುತೂಹಲದ ಪ್ರಶ್ನೆ. ಅದೇ ವರ್ಷ ಜರ್ಮನಿಯ ಫ್ರೈಬರ್ಗ್‌ನಲ್ಲಿ, ಕಪ್ಪು-ಬಿಳುಪು ಚೌಕಗಳ ವಿನ್ಯಾಸವನ್ನು ತೋರಿಸುತ್ತ ಅಕ್ಷಿಪಟಲದ (ಬೆಳಕನ್ನು ಗ್ರಹಿಸುವ ಕಣ್ಣಿನ ಒಳಪದರ, ರೆಟಿನಾ) ವಿದ್ಯುತ್ ಪ್ರತಿಕ್ರಿಯೆಯನ್ನು ಅಳೆದಾಗ, ತೀವ್ರ ಖಿನ್ನತೆಯುಳ್ಳವರಲ್ಲಿ ಬೆಳಕು-ಕತ್ತಲೆಯ ವ್ಯತ್ಯಾಸಕ್ಕೆ ಕಣ್ಣು ತೋರುವ ಸ್ಪಂದನೆಯೇ ಕುಗ್ಗಿರುವುದು ಕಂಡುಬಂತು. ಆದರೆ ಈ ಕ್ಷೇತ್ರದಲ್ಲಿ ಅವಸರ ಸಲ್ಲದು; ದುಃಖವು ಬಣ್ಣದ ಗ್ರಹಿಕೆಯನ್ನು ಮಂಕಾಗಿಸುತ್ತದೆ ಎಂದು 2015ರಲ್ಲಿ ಸುದ್ದಿಯಾದ ಲೇಖನವೊಂದನ್ನು ಅದರ ಲೇಖಕರೇ ಹಿಂಪಡೆದರು.

ಆದ್ದರಿಂದ ಯಾರಾದರೂ ದಿನವೂ ಕಪ್ಪು ಕುರ್ತಾ ತೊಡುತ್ತಾರೆಂಬುದರಿಂದ ಏನನ್ನೂ ಊಹಿಸಲಾಗದು (ನನ್ನ ಬೀರುವಿನಲ್ಲೂ ಅರ್ಧ ಕಪ್ಪೇ ಇದೆ). ಎರಡು ವಾರಗಳಿಗೂ ಮೀರಿ ನಿದ್ರೆ, ಹಸಿವು, ಆಸಕ್ತಿಗಳು ಕೆಟ್ಟಿದ್ದರೆ ಮನೋವೈದ್ಯರನ್ನು ಕಾಣಬೇಕು, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು.