ದೇವರ ಮೇಲಿನ ಮುನಿಸನ್ನು ದೇವರಿಗೇ ಹೇಳಿ

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಶಿಕ್ಷಕಿ, ಕಥೋಲಿಕ ಕುಟುಂಬದಲ್ಲಿ ಹುಟ್ಟಿ ಬೆಳೆದವಳು. ಕಳೆದ ವರ್ಷ ತಾಯಿಗೆ ಕ್ಯಾನ್ಸರ್ ಎಂದು ತಿಳಿದಾಗಿನಿಂದ ಬುಧವಾರದ ನಿತ್ಯಾಧಾರ ಮಾತೆಯ (ಮಾತೆ ಮರಿಯಳ) ನವೇನ ಪ್ರಾರ್ಥನೆಯನ್ನು ಒಂದು ವಾರವೂ ತಪ್ಪಿಸಲಿಲ್ಲ, ದಿನವೂ ಜಪಸರ ಹೇಳಿದೆ. ಆದರೂ ಅಮ್ಮ ತೀರಿಕೊಂಡರು. ಪ್ರಾರ್ಥನಾಕೂಟದವರೊಬ್ಬರು ನನ್ನ ವಿಶ್ವಾಸ ಸಾಲಲಿಲ್ಲ ಎಂದರು. ಈಗ ಭಾನುವಾರ ಬಲಿಪೂಜೆಗೆ ಹೋಗುತ್ತೇನೆ, ಆದರೆ ಒಳಗೆ ಏನೂ ಇಲ್ಲ. ಒಮ್ಮೊಮ್ಮೆ ದೇವರ ಮೇಲೆ ವಿಪರೀತ ಸಿಟ್ಟು ಬರುತ್ತದೆ, ಆಮೇಲೆ ಪಾಪ ಮಾಡಿದೆನೆಂದು ಭಯವಾಗುತ್ತದೆ. ಮನೆಯಲ್ಲಿ ಜಪಸರ ಹೇಳುವಾಗ ನಾನು ಸುಮ್ಮನಿರುವುದನ್ನು ಮಗಳು ಗಮನಿಸಿ ಕಾರಣ ಕೇಳುತ್ತಾಳೆ. ಇದೆಲ್ಲ ಕಪಟವೆನ್ನಿಸಿ ಪ್ರಾರ್ಥನೆಯನ್ನೇ ಬಿಟ್ಟುಬಿಡಲೇ ಎಂದು ಯೋಚಿಸುತ್ತಿದ್ದೇನೆ. ದೇವರನ್ನು ಮತ್ತೆ ನಂಬುವ, ಅವರಿಗೆ ಹತ್ತಿರವಾಗುವ ದಾರಿ ಇದೆಯೇ?

ಉತ್ತರ: ಪ್ರಿಯ ಸೋದರಿ,

ನಿಮ್ಮನ್ನು ಕೊರೆಯುತ್ತಿರುವ ಆ ಮಾತನ್ನು ಮೊದಲು ಮನಸ್ಸಿನಿಂದ ತೆಗೆದುಹಾಕಿ. ನಿಮ್ಮ ವಿಶ್ವಾಸ ಕಡಿಮೆಯಾದದ್ದರಿಂದ ತಾಯಿ ತೀರಿಕೊಂಡರು ಎನ್ನುವುದು ಧರ್ಮಸಭೆಯ ಬೋಧನೆಯಲ್ಲ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನೆ ತೋಪಿನಲ್ಲಿ ಯೇಸುಸ್ವಾಮಿ ನೆಲಕ್ಕೆ ಬಿದ್ದು, ಈ ಕಷ್ಟದ ಪಾತ್ರೆ ತಮ್ಮಿಂದ ತೊಲಗಲಿ ಎಂದು ತಂದೆಯನ್ನು ಬೇಡಿಕೊಂಡರು, ಪಾತ್ರೆ ತೊಲಗಲಿಲ್ಲ. ಸಂತ ಪೌಲರು ತಮ್ಮನ್ನು ಕಾಡುತ್ತಿದ್ದ ಬೇನೆಯನ್ನು ನೀಗಿಸುವಂತೆ ಮೂರು ಬಾರಿ ಮೊರೆಯಿಟ್ಟರು. ಅವರಿಗೆ ಸಿಕ್ಕಿದ್ದು ಗುಣವಲ್ಲ, ‘ನನ್ನ ಅನುಗ್ರಹವೇ ನಿನಗೆ ಸಾಕು’ ಎಂಬ ಉತ್ತರ. ಇವರ ವಿಶ್ವಾಸ ಸಾಲಲಿಲ್ಲ ಎನ್ನುವ ಧೈರ್ಯ ಯಾರಿಗಿದೆ? ದುಃಖದಲ್ಲಿದ್ದ ಮಗಳಿಗೆ ಅಂಥ ಮಾತನ್ನಾಡಿದ್ದು ಕ್ರೂರವೆಂದೇ ನಾನು ಹೇಳುತ್ತೇನೆ, ಆಡಿದವರ ಉದ್ದೇಶ ಏನೇ ಇದ್ದಿರಲಿ.

ಇನ್ನು ನಿಮ್ಮ ಸಿಟ್ಟಿನ ವಿಷಯ. ಭಾವನೆಗಳು ತಮ್ಮಷ್ಟಕ್ಕೆ ತಾವೇ ಒಳ್ಳೆಯವೂ ಅಲ್ಲ, ಕೆಟ್ಟವೂ ಅಲ್ಲವೆಂದು ಕಥೋಲಿಕ ಧರ್ಮೋಪದೇಶ ಸ್ಪಷ್ಟವಾಗಿ ಕಲಿಸುತ್ತದೆ. ಮನಸ್ಸಿನಲ್ಲಿ ತಾನಾಗಿ ಉಕ್ಕಿದ ಸಿಟ್ಟಿಗಾಗಿ ನೀವು ಹೆದರಬೇಕಿಲ್ಲ. ಆ ಸಿಟ್ಟನ್ನು ಹೊತ್ತುಕೊಂಡು ಎಲ್ಲಿಗೆ ಹೋಗುತ್ತೀರಿ ಎನ್ನುವುದೇ ಇಲ್ಲಿ ಮುಖ್ಯವಾದ ಪ್ರಶ್ನೆ, ಮತ್ತು ಅದಕ್ಕೆ ಸಂತ ಯೊವಾನ್ನರ ಶುಭಸಂದೇಶದ ಹನ್ನೊಂದನೆಯ ಅಧ್ಯಾಯದಲ್ಲಿ ಉತ್ತರವಿದೆ. ಯೇಸುವಿನ ಗೆಳೆಯ ಲಾಜರನ ಕಾಯಿಲೆ ಜೋರಾದಾಗ ಅವನ ಅಕ್ಕತಂಗಿಯರಾದ ಮಾರ್ತಾ ಮತ್ತು ಮರಿಯ ಯೇಸುವಿಗೆ ಹೇಳಿಕಳುಹಿಸುತ್ತಾರೆ. ಯೇಸು ಕೂಡಲೇ ಹೊರಡುವುದಿಲ್ಲ, ಇದ್ದಲ್ಲಿಯೇ ಎರಡು ದಿನ ಉಳಿಯುತ್ತಾರೆ. ಅವರು ಬೆಥಾನಿಯಕ್ಕೆ ಬಂದಾಗ ಲಾಜರನನ್ನು ಸಮಾಧಿ ಮಾಡಿ ನಾಲ್ಕು ದಿನವಾಗಿರುತ್ತದೆ. ಮಾರ್ತಾ ಎದುರಿಗೆ ಹೋಗಿ, ‘ಪ್ರಭುವೇ, ನೀವು ಇಲ್ಲಿದ್ದಿದ್ದರೆ ನನ್ನ ಸಹೋದರ ಸಾಯುತ್ತಿರಲಿಲ್ಲ’ ಎನ್ನುತ್ತಾಳೆ. ಸ್ವಲ್ಪ ಹೊತ್ತಿನ ನಂತರ ಬಂದ ಮರಿಯಳೂ ಅವರ ಪಾದಕ್ಕೆ ಬಿದ್ದು ಅದೇ ಮಾತನ್ನು ಹೇಳುತ್ತಾಳೆ. ಆ ನಾಲ್ಕು ದಿನ ಮನೆಯೊಳಗೆ ಇಬ್ಬರೂ ಒಬ್ಬರಿಗೊಬ್ಬರು ಇದೇ ಮಾತನ್ನು ಎಷ್ಟು ಸಲ ಹೇಳಿಕೊಂಡಿರಬೇಕು! ಅದು ದೂರು, ಪ್ರೀತಿಸಿದವರು ಮಾತ್ರ ಮುಖಕ್ಕೆ ಮುಖ ಕೊಟ್ಟು ಹೇಳಬಲ್ಲಂಥ ದೂರು. ಯೇಸು ಆ ದೂರಿಗಾಗಿ ಇಬ್ಬರಲ್ಲಿ ಯಾರನ್ನೂ ಗದರಿಸಲಿಲ್ಲ. ಮಾರ್ತಾಳೊಂದಿಗೆ ಪುನರುತ್ಥಾನದ ಮಾತನಾಡಿದರು, ಮರಿಯಳ ಅಳುವನ್ನು ಕಂಡು ತಾವೂ ಅತ್ತರು.

ನೀವು ನವೇನದ ಪುಸ್ತಕದಲ್ಲಿರುವ ಸುಂದರ ವಾಕ್ಯಗಳನ್ನು ದೇವರಿಗೆ ಹೇಳುತ್ತಿದ್ದೀರಿ, ನಿಮ್ಮ ನಿಜವಾದ ಮಾತನ್ನು ಮಾತ್ರ ಅವರಿಂದ ಬಚ್ಚಿಟ್ಟಿದ್ದೀರಿ. ನಿಮಗೆ ಕಪಟವೆನ್ನಿಸುತ್ತಿರುವುದು ಇದೇ ಕಾರಣಕ್ಕೆ ಎಂದು ನನಗೆ ತೋರುತ್ತದೆ. ಇದಕ್ಕೆ ಮದ್ದು ಪ್ರಾರ್ಥನೆಯನ್ನು ಬಿಡುವುದಲ್ಲ. ಬಚ್ಚಿಟ್ಟ ಮಾತನ್ನು ಅದರೊಳಕ್ಕೆ ತರುವುದು. ‘ನೀವು ಇದ್ದಿದ್ದರೆ ಅಮ್ಮ ಸಾಯುತ್ತಿರಲಿಲ್ಲ’ ಎಂದು ಅವರಿಗೇ ಹೇಳಿ, ಅಳು ಬಂದರೆ ಅತ್ತುಬಿಡಿ. ನಂಬಿಕೆ ಬೆಳೆಯುವುದು ಹೀಗೆ ಹೇಳಿಕೊಂಡ ಮೇಲೆಯೇ.

ಬಿಟ್ಟುಬಿಡಲೇ ಎಂದು ಕೇಳಿದ್ದೀರಿ. ಸ್ಪೇನಿನ ಕನ್ಯಾಸ್ತ್ರೀ, ಆವಿಲಾದ ಸಂತ ತೆರೇಸಾ (1515–1582) ಒಮ್ಮೆ ಹಾಗೆಯೇ ಬಿಟ್ಟಿದ್ದರು. ತಾನು ಮನಃಪೂರ್ವಕ ಪ್ರಾರ್ಥನೆಗೆ ಯೋಗ್ಯಳಲ್ಲ, ಹೊರಗೆ ಒಂದು ಒಳಗೆ ಒಂದಾಗಿ ಬದುಕುತ್ತಿದ್ದೇನೆ ಎಂದುಕೊಂಡು ಒಂದು ವರ್ಷಕ್ಕೂ ಹೆಚ್ಚು ಕಾಲ ಮೌನಪ್ರಾರ್ಥನೆಯನ್ನು ನಿಲ್ಲಿಸಿದರು. ಅದು ವಿನಯದ ವೇಷದಲ್ಲಿ ಬಂದ ದೊಡ್ಡ ಪ್ರಲೋಭನೆಯಾಗಿತ್ತೆಂದು ಮುಂದೆ ತಮ್ಮ ಆತ್ಮಕಥೆಯಲ್ಲಿ ಬರೆದರು. 1543ರಲ್ಲಿ ಅವರ ತಂದೆ ತೀರಿಕೊಂಡ ಮೇಲೆ, ತಂದೆಗೆ ಪಾಪನಿವೇದನೆಯ ಗುರುವಾಗಿದ್ದ ಡೊಮಿನಿಕನ್ ಸಭೆಯ ಗುರುವೊಬ್ಬರ ಸಲಹೆಯಂತೆ ಮತ್ತೆ ಆರಂಭಿಸಿದರು. ಆರಂಭಿಸಿದ ಕೂಡಲೇ ಹೃದಯ ತುಂಬಿ ಬರಲಿಲ್ಲ. ಗೊತ್ತುಮಾಡಿಕೊಂಡ ಒಂದು ಗಂಟೆ ಯಾವಾಗ ಮುಗಿದೀತೆಂದು ಗಡಿಯಾರದ ಸದ್ದಿಗೆ ಕಿವಿಗೊಡುತ್ತಿದ್ದುದನ್ನೂ, ಪರಮಪ್ರಸಾದ ಸ್ವೀಕರಿಸಿದ ಹೊತ್ತನ್ನು ಬಿಟ್ಟರೆ 18 ವರ್ಷಗಳ ಕಾಲ ಕೈಯಲ್ಲೊಂದು ಪುಸ್ತಕವಿಲ್ಲದೆ ಪ್ರಾರ್ಥನೆಗೆ ಕೂರುವ ಧೈರ್ಯವೇ ತಮಗಿರಲಿಲ್ಲವೆಂಬುದನ್ನೂ ಅವರು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. 1970ರಲ್ಲಿ ಧರ್ಮಸಭೆ ‘ಧರ್ಮಸಭೆಯ ಆಚಾರ್ಯೆ’ ಎಂದು ಗೌರವಿಸಿದ್ದು ಇವರನ್ನೇ. ಮನಸ್ಸು ಕತ್ತಲಲ್ಲಿರುವಾಗ, ಬೆಳಕಿದ್ದಾಗ ಮಾಡಿದ ನಿರ್ಧಾರವನ್ನು ಬದಲಿಸಬಾರದೆಂದು ಯೇಸುಸಭೆಯ ಸ್ಥಾಪಕರಾದ ಲೊಯೋಲಾದ ಸಂತ ಇಗ್ನೇಷಿಯಸರೂ ಕಲಿಸಿದ್ದಾರೆ.

ಆದ್ದರಿಂದ ನೀವೂ ಪುಸ್ತಕ ಹಿಡಿದೇ ಕುಳಿತುಕೊಳ್ಳಿ. ಮನೆಯಲ್ಲಿರುವ ಬೈಬಲಿನ ಕೀರ್ತನೆಗಳು ಸಾಕು. ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆಯೋ ಎಲ್ಲರೂ ಮಲಗಿದ ಮೇಲೋ ಹದಿನೈದು ನಿಮಿಷವನ್ನು ಗೊತ್ತುಮಾಡಿಕೊಳ್ಳಿ. ಏನೂ ಅನ್ನಿಸದಿದ್ದರೂ ಅಷ್ಟು ಹೊತ್ತು ಅಲ್ಲಿಯೇ ಇರಿ. ಹದಿಮೂರನೆಯ ಕೀರ್ತನೆಯಿಂದ ಆರಂಭಿಸಿ. ಅದು ಬಹಳ ಚಿಕ್ಕದು, ‘ಇನ್ನೆಷ್ಟು ಕಾಲ ಪ್ರಭೂ, ನನ್ನನ್ನು ಮರೆತೇಬಿಟ್ಟಿರಾ?’ ಎಂಬ ಪ್ರಶ್ನೆಯಿಂದ ತೊಡಗುತ್ತದೆ. ಯಾವ ಸಾಲು ನಿಮ್ಮದೆನ್ನಿಸುತ್ತದೋ ಅಲ್ಲಿ ನಿಂತು, ಅದನ್ನೇ ನಿಮ್ಮ ಮನೆಯ ಮಾತಿನಲ್ಲಿ ಹೇಳಿ. ಕೊನೆಯ ಸಾಲುಗಳಲ್ಲಿರುವ ಭರವಸೆಯನ್ನು ಹೇಳಲು ನಾಲಿಗೆ ಬಾರದ ದಿನ ಎಂಬತ್ತೆಂಟನೆಯ ಕೀರ್ತನೆಯನ್ನು ಓದಿ. ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಆದರೂ ಧರ್ಮಸಭೆ ಅದನ್ನು ಶುಕ್ರವಾರ ರಾತ್ರಿಯ ಪ್ರಾರ್ಥನೆಗೆಂದೇ ಇಟ್ಟಿದೆ. ಗುರುಗಳೂ ಕನ್ಯಾಸ್ತ್ರೀಯರೂ ಪ್ರತಿ ವಾರ ಅದನ್ನು ಹೇಳುತ್ತಾರೆ. ನಿಮ್ಮ ಕತ್ತಲೆಯಲ್ಲಿ ಹೀಗೆ ಎಷ್ಟೋ ಜನ ನಿಮ್ಮ ಜೊತೆಗಿದ್ದಾರೆ.

ಇಡೀ ಜಪಸರ ಭಾರವಾದರೆ ಸದ್ಯಕ್ಕೆ ದುಃಖದ ರಹಸ್ಯಗಳಲ್ಲಿ (ಜಪಸರ ಹೇಳುವಾಗ ಧ್ಯಾನಿಸುವ ಯೇಸುವಿನ ಯಾತನೆಯ ಘಟನೆಗಳಲ್ಲಿ) ಮೊದಲನೆಯದೊಂದನ್ನು, ಗೆತ್ಸೆಮನೆಯ ಸಂಕಟವನ್ನು ಮಾತ್ರ ಹೇಳಿ. ಮಗಳಿಗೆ ನಿಜವನ್ನೇ ತಿಳಿಸಿ: ಅಜ್ಜಿ ಹೋದ ದುಃಖದಲ್ಲಿ ಅಮ್ಮನಿಗೆ ಹೇಳಲು ಆಗುತ್ತಿಲ್ಲ, ನೀನು ಹೇಳು, ನಾನು ಪಕ್ಕದಲ್ಲಿ ಕೇಳುತ್ತೇನೆ ಎನ್ನಿ. ಸುಳ್ಳು ಉತ್ಸಾಹವನ್ನು ನೋಡುವುದಕ್ಕಿಂತ ಇದನ್ನು ನೋಡಿ ಅವಳು ಹೆಚ್ಚು ಕಲಿಯುತ್ತಾಳೆ. ನವೇನದ ಬಗ್ಗೆಯೂ ಒಂದು ಮಾತು: ಯೇಸು ಸ್ವರ್ಗಾರೋಹಣರಾದ ಮೇಲೆ ಮಾತೆ ಮರಿಯ ಮತ್ತು ಪ್ರೇಷಿತರು ಪವಿತ್ರಾತ್ಮರಿಗಾಗಿ ಒಟ್ಟಾಗಿ ಕಾದ ಒಂಬತ್ತು ದಿನಗಳನ್ನೇ ಮೊದಲ ನವೇನವೆಂದು ಭಾವಿಸುತ್ತಾರೆ. ಅಮ್ಮನಿಗಾಗಿ ನೀವು ಕಾದ ಆ ಬುಧವಾರಗಳು ವ್ಯರ್ಥವಾದವೆಂದು ನಾನು ಒಪ್ಪುವುದಿಲ್ಲ. ಪ್ರತಿಯೊಂದು ಬಲಿಪೂಜೆಯಲ್ಲಿಯೂ ಮೃತರನ್ನು ಸ್ಮರಿಸುವ ಘಳಿಗೆಯಿದೆ. ಮುಂದಿನ ಭಾನುವಾರ ಆಗ ಅಮ್ಮನ ಹೆಸರನ್ನು ಮನಸ್ಸಿನಲ್ಲೇ ಹೇಳಿ. ಆ ದಿನ ಬೇರೇನನ್ನೂ ಪ್ರಾರ್ಥಿಸಲು ಆಗದಿದ್ದರೆ ಅಷ್ಟೇ ಇರಲಿ.

ನೀವು ನಂಬುವ ಒಬ್ಬ ಗುರುಗಳನ್ನು ಭೇಟಿಯಾಗಿ, ನನಗೆ ಬರೆದುದನ್ನೆಲ್ಲ ಅವರಿಗೂ ಹೇಳಿ. ಭಾನುವಾರ ಪೂಜೆ ಮುಗಿದ ಗಡಿಬಿಡಿಯಲ್ಲಿ ಬೇಡ, ವಾರದ ಮಧ್ಯೆ ಸಮಯ ಕೇಳಿಕೊಂಡು ಹೋಗಿ. ನಿದ್ದೆ ಊಟ ಕೆಟ್ಟು ತಿಂಗಳುಗಳೇ ಆಗಿದ್ದರೆ, ಅಥವಾ ಬದುಕೇ ಬೇಡವೆನ್ನಿಸುತ್ತಿದ್ದರೆ, ತಡಮಾಡದೆ ವೈದ್ಯರನ್ನೂ ಕಾಣಿ. ಇದರಿಂದ ನಿಮ್ಮ ವಿಶ್ವಾಸಕ್ಕೆ ಯಾವ ಕುಂದೂ ಬರುವುದಿಲ್ಲ.