ನೆರವು ಪಡೆದವರು ಹವ್ಯಾಸಿಗಳಾ?

ಪ್ರಶ್ನೆ: ಸರ್ಕಾರದ ಹಣದಲ್ಲಿ ತರಬೇತಿ ಪಡೆಯುವ ಒಲಿಂಪಿಕ್ ಆಟಗಾರರು ಹವ್ಯಾಸಿಗಳೋ, ವೃತ್ತಿಪರರೋ?

ಉತ್ತರ: ವೃತ್ತಿಪರರೇ. ನಾನು ವರ್ಷಗಟ್ಟಲೆ ಓಟಗಾರರಿಗೆ ತರಬೇತಿ ಕೊಟ್ಟವನು. ಬೆಳಗ್ಗೆ ಐದಕ್ಕೆ ಟ್ರ್ಯಾಕ್, ಮಧ್ಯಾಹ್ನ ಜಿಮ್, ಸಂಜೆ ಮತ್ತೆ ಟ್ರ್ಯಾಕ್. ಕಪ್ಪಾದ ಹೆಬ್ಬೆರಳಿಗೆ ಟೇಪ್ ಸುತ್ತಿಕೊಂಡು ಓಡಿದ ಹುಡುಗಿ ಈಗಲೂ ಕಣ್ಣ ಮುಂದಿದ್ದಾಳೆ. ಅದು ಬಿಡುವಿನ ಆಟವಲ್ಲ, ದುಡಿಮೆ. ನೆರವಿನ ಹಣ ಶೂ, ಊಟ, ಫಿಸಿಯೋಗೇ ಖರ್ಚಾಗುತ್ತಿತ್ತು. ಉಳಿತಾಯ ಇಲ್ಲ ಅಂದಮಾತ್ರಕ್ಕೆ ಅವಳು ಹವ್ಯಾಸಿ ಆಗಲ್ಲ ಅಲ್ವಾ?

ಹಿಂದೆ ಒಲಿಂಪಿಕ್ಸ್‌ನಲ್ಲಿ ಹವ್ಯಾಸಿಗಳಿಗಷ್ಟೇ ಅವಕಾಶವಿತ್ತು; ಹವ್ಯಾಸಿ, ವೃತ್ತಿಪರ ಅನ್ನೋ ಈ ಗೆರೆ ತುಂಬಾ ನೋವು ಕೊಟ್ಟಿದೆ. 1912ರಲ್ಲಿ ಎರಡು ಚಿನ್ನ ಗೆದ್ದ ಅಮೆರಿಕದ ಜಿಮ್ ಥೋರ್ಪ್, ಮೊದಲು ಬೇಸ್‌ಬಾಲ್ ಆಡಿ ಒಂದಿಷ್ಟು ಕಾಸು ಪಡೆದಿದ್ದರು. ಅಷ್ಟಕ್ಕೇ ಪದಕ ಕಿತ್ತುಕೊಂಡರು! ಅದನ್ನು ಸರಿಪಡಿಸಿದ್ದು 1982ರಲ್ಲಿ. ಅಷ್ಟರಲ್ಲಿ ಅವರು ತೀರಿಹೋಗಿ 29 ವರ್ಷ ಆಗಿತ್ತು.